ಪೊಟೊಮ್ಯೆಯ ಮನೆತನದ ವೈನರಿಗಳು: ಹುಬ್ಬಳ್ಳಿ-ಧಾರವಾಡದಿಂದ ಹೋಗುವವರಿಗೆ

ಕ್ರೊಯೇಷಿಯಾದ ದಕ್ಷಿಣ ತುದಿಯಲ್ಲಿ, ಸಮುದ್ರಕ್ಕೆ ಉದ್ದಕ್ಕೆ ಚಾಚಿಕೊಂಡ ಪೆಲ್ಯೆಶಾಟ್ಸ್ ಎಂಬ ಪರ್ಯಾಯದ್ವೀಪದ ನಡುವೆ ಪೊಟೊಮ್ಯೆ ಎಂಬ ಸಣ್ಣ ಊರಿದೆ. ಬೀದಿಗುಂಟ ಮನೆಗಳು, ಮನೆಗಳ ಕೆಳಗೆ ವೈನ್ ಪೀಪಾಯಿಗಳು. ಇಲ್ಲಿಗೆ ರುಚಿ ನೋಡಲು ಹೋದವರು ಮೊದಲು ಗ್ಲಾಸು ಹಿಡಿಯಬೇಡಿ. ಊರ ಬೆನ್ನಿಗಿರುವ ಬೆಟ್ಟದಲ್ಲಿ ಸುಮಾರು 400 ಮೀಟರ್ ಉದ್ದದ ಸುರಂಗವಿದೆ. ಅದನ್ನು ದಾಟಿ ಆಚೆ ಮಗ್ಗಲಿಗೆ ಹೋಗಿ, ಬಳ್ಳಿ ನೋಡಿ, ಆಮೇಲೆ ಮನೆಯೊಳಗೆ ಕೂರಿ. ಇಷ್ಟು ಮಾಡಿದರೆ ಕೊಟ್ಟ ರೊಕ್ಕಕ್ಕೆ ಮೋಸವಿಲ್ಲ. ಇದನ್ನು ಬಿಟ್ಟು ಐದು ಗ್ಲಾಸು ಕುಡಿದು ಬರುವುದಾದರೆ ಅದೇ ಬಾಟಲಿ ಹತ್ತಿರದ ದೊಡ್ಡ ಊರಾದ ಡುಬ್ರೊವ್ನಿಕ್‌ನ ಅಂಗಡಿಯಲ್ಲೂ ಸಿಗುತ್ತದೆ. ಇಷ್ಟು ದೂರ ಬರುವ ಅಗತ್ಯವಿಲ್ಲ.

ಆ ಸುರಂಗ 1970ರ ದಶಕದ್ದು, ಊರವರೇ ಹಣ ಕೂಡಿಸಿ ಕೊರೆಸಿದ್ದು. ಅಲ್ಲಿಯತನಕ ಆಚೆ ಮಗ್ಗಲಿನ ದ್ರಾಕ್ಷಿ ಕತ್ತೆಯ ಬೆನ್ನೇರಿ ಬೆಟ್ಟ ಹತ್ತಿಳಿದು ಊರು ಸೇರುತ್ತಿತ್ತು. ಆ ಮಗ್ಗಲಿನ ಹೆಸರನ್ನೇ ಹೊತ್ತ ಡಿಂಗಾಚ್ ವೈನಿನ ಹಳೆಯ ಬಾಟಲಿ ಚೀಟಿಯ ಮೇಲೆ ಕತ್ತೆಯ ಚಿತ್ರ ಕಾಣುವುದು ಅದಕ್ಕೇ. ಸುರಂಗದ ಅಗಲ ಒಂದೇ ಗಾಡಿಗೆ ಆಗುವಷ್ಟು. ಎದುರಿನಿಂದ ದೀಪ ಕಂಡರೆ ಒಳಗೆ ಹೋಗಬೇಡಿ, ಹೊರಗೇ ನಿಂತು ದಾರಿ ಬಿಡಿ. ನಲವತ್ತು ಜನರ ಬಸ್ಸಿನ ಪ್ರವಾಸಿಗಳಿಗೆ ಈ ದಾರಿಯಿಲ್ಲ. ಸಣ್ಣ ಕಾರಿನಲ್ಲಿ ಬಂದವರಿಗೆ ಮಾತ್ರ ಸಿಗುವ ನೋಟ ಇದು.

ಸುರಂಗದಿಂದ ಹೊರಬಿದ್ದೊಡನೆ ಕಾಲಬುಡದಿಂದ ನೇರ ಸಮುದ್ರಕ್ಕೆ ಇಳಿಯುವ ಇಳಿಜಾರು. ಕೆಲವೆಡೆ 45 ಡಿಗ್ರಿ. ಮಣ್ಣೆನ್ನುವುದು ಹೆಸರಿಗಷ್ಟೇ, ಎಲ್ಲ ಬಿಳಿ ಸುಣ್ಣಕಲ್ಲಿನ ಚೂರು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಬೆಟ್ಟದ ಈಚೆ ಪೊಟೊಮ್ಯೆ ಬಯಲು ಮಸಾರಿ ಹೊಲ, ಆಚೆ ಡಿಂಗಾಚ್ ಬರೀ ಮಡ್ಡಿ. ದಕ್ಷಿಣಕ್ಕೆ ಮುಖ ಮಾಡಿದ ಈ ಮಡ್ಡಿಗೆ ಬಿಸಿಲು ಮೂರು ಕಡೆಯಿಂದ ಬೀಳುತ್ತದೆ: ಆಕಾಶದಿಂದ, ಕೆಳಗಿನ ನೀರಿನ ಹೊಳಪಿನಿಂದ, ಕಾಲ ಕೆಳಗಿನ ಬಿಳಿ ಕಲ್ಲಿನಿಂದ. ಬಳ್ಳಿಗಳಿಗೆ ಕಂಬವಿಲ್ಲ, ತಂತಿಯಿಲ್ಲ, ಡ್ರಿಪ್ ಪೈಪಿಲ್ಲ. ಮೊಣಕಾಲೆತ್ತರದ ಪೊದೆಗಳು. ಟ್ರ್ಯಾಕ್ಟರ್ ಹೋಗದು, ಕೊಯ್ಲೆಲ್ಲ ಕೈಯಿಂದ, ಗೊಂಚಲೂ ಕಮ್ಮಿ. ಡಿಂಗಾಚ್ ಬಾಟಲಿಯ ಬೆಲೆ ಯಾಕೆ ಹೆಚ್ಚು ಎಂದು ಮನೆಯವರನ್ನು ಕೇಳುವ ಅಗತ್ಯ ಇಲ್ಲಿ ನಿಂತರೆ ಬರುವುದಿಲ್ಲ.

ವಿಜಯಪುರದ ದ್ರಾಕ್ಷಿ ತೋಟ ನೋಡಿದವರಿಗೆ ಇನ್ನೊಂದು ವ್ಯತ್ಯಾಸ ಕೂಡಲೇ ಕಾಣುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ರೆಯಿಲ್ಲ. ಏಪ್ರಿಲ್‌ನಲ್ಲಿ ಒಂದು ಚಾಟನಿ, ಅಕ್ಟೋಬರ್‌ನಲ್ಲಿ ಇನ್ನೊಂದು, ಫೆಬ್ರುವರಿ-ಮಾರ್ಚ್‌ನಲ್ಲಿ ಹಣ್ಣು. ಅಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಚಳಿಗಾಲದಲ್ಲಿ ಒಂದೇ ಚಾಟನಿ, ವಸಂತಕ್ಕೆ ಚಿಗುರು, ಸೆಪ್ಟೆಂಬರ್ ಆಸುಪಾಸಿಗೆ ಸುಗ್ಗಿ. ಹಾಗಾಗಿ ಜನವರಿಯಲ್ಲಿ ಹೋದರೆ ಬರೀ ಕೊರಡು ಕಾಣುತ್ತದೆ, ಬಹಳಷ್ಟು ಮನೆಗಳು ಬಾಗಿಲನ್ನೂ ತೆರೆಯುವುದಿಲ್ಲ. ಮೇ-ಜೂನ್ ಉತ್ತಮ. ಅಕ್ಟೋಬರ್ ಮೊದಲ ಎರಡು ವಾರವೂ ಒಳ್ಳೆಯದು. ಜುಲೈ-ಆಗಸ್ಟ್‌ನಲ್ಲಿ ಜನಜಂಗುಳಿ ಮತ್ತು ಸುಡುಬಿಸಿಲು. ಸುಗ್ಗಿಯ ವಾರಗಳ ಬಗ್ಗೆ ಎಚ್ಚರವಿರಲಿ. ನೋಡಲು ಅದಕ್ಕಿಂತ ಚೆಂದದ ಕಾಲವಿಲ್ಲ, ಆದರೆ ನಿಮ್ಮ ಜೊತೆ ಕೂತು ಮಾತಾಡಲು ಮನೆಯಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ರಾಶಿ ಮಾಡುವ ದಿನ ಒಕ್ಕಲಿಗರ ಮನೆಗೆ ನೆಂಟರು ಹೋದ ಹಾಗಾಗುತ್ತದೆ. ಆ ಕಾಲದಲ್ಲಿ ಮಕ್ಕಳನ್ನು ನೆಲಮಾಳಿಗೆಗೆ ಓಡಬಿಡಬೇಡಿ. ರಸ ಹುದುಗುವಾಗ ಏಳುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ನಿಲ್ಲುತ್ತದೆ. ಗಾಳಿಯಾಡದ ಮಾಳಿಗೆಯಲ್ಲಿ ಉಸಿರು ಕಟ್ಟುತ್ತದೆ. ಮುಚ್ಚಿಟ್ಟ ಹಗೇವು ತೆಗೆದು ಕೂಡಲೇ ಇಳಿಯಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದೇ ಭಯಕ್ಕೆ.

ಈಗ ಹಣ್ಣಿನ ವಿಷಯ. ಇಲ್ಲಿಯ ರಾಜ ಪ್ಲಾವಾಟ್ಸ್ ಮಾಲಿ ಎಂಬ ಕಪ್ಪು ತಳಿ, ಹೆಸರಿನ ಅರ್ಥ 'ಸಣ್ಣ ನೀಲಿ'. ನಾಸಿಕ್‌ನ ಜಿನ್‌ಫ್ಯಾಂಡೆಲ್ ಕುಡಿದವರಿಗೆ ಇದು ದೂರದ ನೆಂಟನಲ್ಲ. ಅಮೆರಿಕದ ಜಿನ್‌ಫ್ಯಾಂಡೆಲ್ ಮೂಲ ಯಾವುದೆಂಬ ಹುಡುಕಾಟ 2001ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಮುಗಿಯಿತು. ಕ್ಯಾಲಿಫೋರ್ನಿಯಾದ ವಿಜ್ಞಾನಿ ಕ್ಯಾರಲ್ ಮೆರೆಡಿತ್, ಝಾಗ್ರೆಬ್‌ನ ಇವಾನ್ ಪೆಯಿಚ್ ಮತ್ತು ಎಡಿ ಮಾಲೆಟಿಚ್ ಸ್ಪ್ಲಿಟ್ ಊರಿನ ಹತ್ತಿರ ಸಿಕ್ಕ ತ್ಸೃಲ್ಯೆನಾಕ್ ಎಂಬ ಹಳೆಯ ಬಳ್ಳಿಯೂ ಜಿನ್‌ಫ್ಯಾಂಡೆಲ್ಲೂ ಒಂದೇ ಎಂದು ತೋರಿಸಿದರು. ಪ್ಲಾವಾಟ್ಸ್ ಮಾಲಿ ಆ ತ್ಸೃಲ್ಯೆನಾಕ್‌ಗೂ ಡೊಬ್ರಿಚಿಚ್ ಎಂಬ ಇನ್ನೊಂದು ತಳಿಗೂ ಹುಟ್ಟಿದ ಕೂಸು.

ಈ ಕೂಸು ತಂಟೆಯದು. ಬ್ಯಾಡಗಿ ಮೆಣಸಿನ ಗಿಡದಲ್ಲಿ ಹಸಿರು, ಕೆಂಪು, ಒಣಗಿದ್ದು ಒಟ್ಟಿಗೇ ಇರುವ ಹಾಗೆ ಪ್ಲಾವಾಟ್ಸ್‌ನ ಒಂದೇ ಗೊಂಚಲಲ್ಲಿ ಕಾಯಿ, ಹಣ್ಣು, ಒಣದ್ರಾಕ್ಷಿ ಮೂರೂ ಇರುತ್ತವೆ. ಮೆಣಸಿನಕಾಯಿಯನ್ನು ಎರಡು ಮೂರು ಸಲ ಬಿಡಿಸಬಹುದು, ಗೊಂಚಲನ್ನು ಹಾಗೆ ಬಿಡಿಸಲು ಬರುವುದಿಲ್ಲ. ಬೇಗ ಕೊಯ್ದರೆ ಹಸಿಕಾಯಿಯ ಒಗರು ಒಸಡಿಗೆ ಹಿಡಿಯುತ್ತದೆ. ತಡ ಮಾಡಿದರೆ ಒಣಗಿದ ಕಾಳಿನ ಸಕ್ಕರೆಯೆಲ್ಲ ಆಲ್ಕೋಹಾಲ್ ಆಗಿ ಗಂಟಲು ಸುಡುತ್ತದೆ. ಡಿಂಗಾಚ್ ಸಾಮಾನ್ಯವಾಗಿ 14ರಿಂದ 15 ಪ್ರತಿಶತ ಮುಟ್ಟುತ್ತದೆ, ಕೆಲವು ವರ್ಷ ಅದನ್ನೂ ದಾಟುತ್ತದೆ. ಆದ್ದರಿಂದ ಯಜಮಾನರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಪೀಪಾಯಿಯ ಬಗ್ಗೆ ಅಲ್ಲ, 'ಈ ಹಣ್ಣು ಯಾವಾಗ ಕೊಯ್ದಿರಿ, ಯಾಕೆ ಆ ದಿನ?' ಎಂಬುದು. ಇದಕ್ಕೆ ತಡವರಿಸದೆ ಉತ್ತರ ಹೇಳುವ ಮನೆಯ ವೈನ್ ಕೊಳ್ಳಬಹುದು.

ರುಚಿ ನೋಡುವ ಕ್ರಮ ಹೀಗಿರಲಿ: ಮೊದಲು ಬಿಳಿ, ಹೆಚ್ಚಾಗಿ ಪೊಶಿಪ್, ನಂತರ ಬಯಲಿನ ಪ್ಲಾವಾಟ್ಸ್, ನಂತರ ಇಳಿಜಾರಿನ ಡಿಂಗಾಚ್, ಮನೆಯಲ್ಲಿದ್ದರೆ ನೆರೆಯ ಇಳಿಜಾರಿನ ಪೊಸ್ಟುಪ್, ಕೊನೆಗೆ ಒಣಗಿಸಿದ ದ್ರಾಕ್ಷಿಯಿಂದ ಮಾಡುವ ಸಿಹಿ ಪ್ರೊಶೆಕ್. ಹೆಸರು ಕೇಳಿ ಇಟಲಿಯ ನೊರೆ ವೈನ್ ಪ್ರೊಸೆಕ್ಕೊ ಎಂದುಕೊಳ್ಳಬೇಡಿ, ಎರಡಕ್ಕೂ ಸಂಬಂಧವಿಲ್ಲ. ಬುಕ್ ಮಾಡುವಾಗಲೇ ಒಂದು ಬೇಡಿಕೆ ಇಡಿ: ಬಯಲಿನದೂ ಡಿಂಗಾಚೂ ಒಂದೇ ವರ್ಷದ್ದಾಗಿರಲಿ, ಎರಡು ಗ್ಲಾಸಿನಲ್ಲಿ ಪಕ್ಕಪಕ್ಕ ಬರಲಿ. ಒಂದೇ ತಳಿ, ಒಂದೇ ಮನೆ, ಒಂದೇ ಮಳೆಗಾಲ, ಬೆಟ್ಟದ ಎರಡು ಮಗ್ಗಲು. ಬಯಲಿನದು ತೆಳು, ಚೆರಿ ಹಣ್ಣಿನ ಹುಳಿ ಮುಂದೆ ಬರುತ್ತದೆ. ಡಿಂಗಾಚ್ ದಪ್ಪ, ಒಣ ಅಂಜೂರದ ಮತ್ತು ಕಾಡು ಸೊಪ್ಪಿನ ವಾಸನೆ, ಕೊನೆಗೆ ನಾಲಗೆಯ ಅಂಚಿನಲ್ಲಿ ಒಂದಿಷ್ಟು ಉಪ್ಪು. ಈ ಜೋಡಿ ಗ್ಲಾಸು ಮನೆತನದ ವೈನರಿಯಲ್ಲಿ ಸಿಗುವ ನಿಜವಾದ ಸೇವೆ. ಎರಡೂ ಹೊಲ ಒಬ್ಬರದೇ ಆಗಿರುವುದರಿಂದ ಮಾತ್ರ ಅದು ಸಾಧ್ಯ.

ಬೇಸಿಗೆಯಲ್ಲಿ ಬಹಳ ಮನೆಗಳು ಮಾಡುವ ತಪ್ಪು ಒಂದಿದೆ. ಕೆಂಪು ವೈನನ್ನು ಅಂಗಳದ ನೆರಳಿನಲ್ಲಿ ಮೇಜಿನ ಮೇಲೆ ತೆರೆದಿಟ್ಟು ಅಲ್ಲಿಂದಲೇ ಸುರಿಯುತ್ತಾರೆ. 30 ಡಿಗ್ರಿಯ ಡಿಂಗಾಚ್‌ನಲ್ಲಿ ಆಲ್ಕೋಹಾಲ್ ಬಿಟ್ಟು ಬೇರೇನೂ ಮೂಗಿಗೆ ಬರುವುದಿಲ್ಲ. ಅದು 16ರಿಂದ 18 ಡಿಗ್ರಿಯಲ್ಲಿರಬೇಕು. ಹತ್ತು-ಹದಿನೈದು ನಿಮಿಷ ಮಂಜುಗಡ್ಡೆಯ ನೀರಿನಲ್ಲಿ ಇಡಲು ಹೇಳಿ. ಹಾಗೆ ಹೇಳುವುದು ಅವಮಾನವಲ್ಲ, ಗೊತ್ತಿರುವವರು ಬಂದಿದ್ದಾರೆಂದು ಅವರಿಗೆ ಖುಷಿಯೇ ಆಗುತ್ತದೆ. ನೆನೆದ ಗೋಣಿಚೀಲದ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ಬೇರೆ ಬಾಟಲಿ ಕೇಳಿ. ಉಗುರು ಬಣ್ಣದ ಅಥವಾ ವಿನಿಗರ್ ವಾಸನೆ ಬಂದರೆ ಹುದುಗುವಾಗಲೋ ಪೀಪಾಯಿಯಲ್ಲೋ ಅಸಿಟಿಕ್ ಬ್ಯಾಕ್ಟೀರಿಯಾ ಕೈಯಾಡಿಸಿದೆ, ಬಾಟಲಿ ಬದಲಿಸಿದರೂ ಹೋಗದು. ಕುದುರೆ ಲಾಯದ ವಾಸನೆ ಬ್ರೆಟ್ ಎಂಬ ಯೀಸ್ಟಿನದು. ಪೀಪಾಯಿ ಸ್ವಚ್ಛವಿರದಾಗ ಬರುತ್ತದೆ. ಸ್ವಲ್ಪವಿದ್ದರೆ ಅದು ಊರಿನ ಗುಣವೆಂದು ಕೆಲವರು ಸಮರ್ಥಿಸುತ್ತಾರೆ. ನಮಗೆ ಅದು ದೋಷವೇ.

ಬುಕ್ಕಿಂಗ್ ಬೇಕೇ ಬೇಕು. ರಸ್ತೆಬದಿಯ ಫಲಕದಲ್ಲಿ 'ವಿನಾರಿಯಾ' ಎಂದಿದ್ದರೆ ವೈನರಿ, 'ಡೆಗುಸ್ಟಾಟ್ಸಿಯಾ' ಎಂದರೆ ರುಚಿ ನೋಡುವುದು, 'ಓಪಿಜಿ' ಎಂದರೆ ಸರ್ಕಾರದಲ್ಲಿ ನೋಂದಾಯಿಸಿದ ಕುಟುಂಬದ ಒಕ್ಕಲುತನ. ಫಲಕ ಕಂಡ ಕೂಡಲೇ ಒಳಹೊಕ್ಕರೆ ಒಬ್ಬರು ಹೊಲದಿಂದ ಕೈ ತೊಳೆದು ಬರುವ ತನಕ ಕಾಯಬೇಕು. ಎರಡು ದಿನ ಮೊದಲು ಇಮೇಲ್ ಹಾಕಿ, ನಾಲ್ಕು ವಿಷಯ ಬರೆಯಿರಿ: ಎಷ್ಟು ಜನ, ಎಷ್ಟು ಹೊತ್ತಿಗೆ, ಎಷ್ಟು ಜನ ಕುಡಿಯುವುದಿಲ್ಲ, ಊಟದಲ್ಲಿ ಏನು ಬೇಡ. ದರ ಹೆಚ್ಚಿನ ಕಡೆ ತಲೆಗೆ 15ರಿಂದ 30 ಯೂರೊ, ಮೂರರಿಂದ ಐದು ವೈನ್, ಜೊತೆಗೆ ಒಂದು ತಟ್ಟೆ ತಿನಿಸು. ಬಾಟಲಿ ಕೊಂಡರೆ ಈ ದರದಲ್ಲಿ ಏನಾದರೂ ಕಡಿಮೆ ಮಾಡುತ್ತಾರಾ ಎಂದು ಮುಂಚೆಯೇ ಕೇಳಿ, ಕೊನೆಗೆ ಕೇಳಿದರೆ ಚೌಕಾಶಿಯಾಗಿ ಕಾಣುತ್ತದೆ. 2023ರ ಜನವರಿ 1ರಿಂದ ಅಲ್ಲಿ ನಡೆಯುವುದು ಯೂರೊ, ಹಳೆಯ ಕುನಾ ಅಲ್ಲ. ಮಾಳಿಗೆಯಲ್ಲಿ ಕಾರ್ಡ್ ಯಂತ್ರಕ್ಕೆ ಸಿಗ್ನಲ್ ಸಿಗದಿರಬಹುದು, ನೂರು ಯೂರೊ ನಗದು ಕೈಯಲ್ಲಿರಲಿ.

ಕನ್ನಡದವರಿಗೆ ಇಲ್ಲಿ ಒಂದು ಸಣ್ಣ ಲಾಭವಿದೆ. ಕ್ರೊಯೇಷಿಯನ್ನರ ಭಾಷೆಯಲ್ಲಿ ಸ್ವರವಿಲ್ಲದೆ ರಕಾರವೇ ಸ್ವರವಾಗಿ ನಿಲ್ಲುವ ಪದಗಳಿವೆ, ಬೇರೆ ದೇಶದವರು ಅವನ್ನು ಹೇಳಲು ಒದ್ದಾಡುತ್ತಾರೆ. ನಾವು ಋಕಾರ ಹಾಕಿ ಬರೆದುಕೊಂಡರೆ ಮುಗಿಯಿತು: ಗೃಕ್, ಪೃಶುತ್, ತ್ಸೃನೊ. ಈ ಕೊನೆಯ ಪದದ ಅರ್ಥ ಕಪ್ಪು. ಕೆಂಪು ವೈನಿಗೆ ಅಲ್ಲಿ ಕಪ್ಪು ವೈನ್ ಎನ್ನುತ್ತಾರೆ. 'ಬಿಯೆಲೊ' ಬಿಳಿ, 'ಸುಹೊ' ಎಂದರೆ ಸಿಹಿ ಉಳಿಯದ್ದು. ಚೀಟಿಯ ಮೇಲೆ 'ವೃಹುನ್ಸ್ಕೊ' ಎಂದಿದ್ದರೆ ಮೇಲಿನ ದರ್ಜೆ, 'ಕ್ವಾಲಿಟೆಟ್ನೊ' ಅದರ ಕೆಳಗಿನದು. ಡಿಂಗಾಚ್ ಎಂಬ ಹೆಸರಿಗೆ 1961ರಿಂದ, ಪೊಸ್ಟುಪ್‌ಗೆ 1967ರಿಂದ ಕಾನೂನಿನ ರಕ್ಷಣೆಯಿದೆ. ಆ ಇಳಿಜಾರಿನ ಹಣ್ಣಲ್ಲದಿದ್ದರೆ ಆ ಹೆಸರು ಹಾಕುವಂತಿಲ್ಲ.

ಸಸ್ಯಾಹಾರಿಗಳಿಗೆ ಇಲ್ಲಿನ ತಟ್ಟೆ ಕಷ್ಟದ್ದು, ಮುಚ್ಚಿಡುವುದೇನಿಲ್ಲ. ಹೇಳದಿದ್ದರೆ ಬರುವುದು ಪೃಶುತ್, ಅಂದರೆ ಉಪ್ಪು ಹಚ್ಚಿ ಒಣಗಿಸಿದ ಹಂದಿಮಾಂಸ, ಜೊತೆಗೆ ಉಪ್ಪುಮೀನು. 'ಬೆಜ್ ಮೆಸಾ, ಬೆಜ್ ರಿಬೆ' ಎಂದರೆ ಮಾಂಸ ಬೇಡ, ಮೀನು ಬೇಡ. ಎರಡನ್ನೂ ಹೇಳಬೇಕು, ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಆಗ ಉಳಿಯುವುದು ಬ್ರೆಡ್ಡು, ಆಲಿವ್ ಎಣ್ಣೆ, ಆಲಿವ್ ಕಾಯಿ, ಬಾದಾಮಿ, ಒಣ ಅಂಜೂರ ಮತ್ತು ಕುರಿಹಾಲಿನ ಗಿಣ್ಣು (ಚೀಸ್). ಗಿಣ್ಣಿಗೆ ಹೆಪ್ಪು ಹಾಕಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದು ವಾಡಿಕೆ. ಕಟ್ಟಾ ಸಸ್ಯಾಹಾರಿಗಳು ಕೇಳಿ ತಿನ್ನಿ. ಅಡುಗೆ ಮಾಡಿಕೊಡುವ ಮನೆಯಾದರೆ 'ಬ್ಲಿಟ್ವಾ' ಕೇಳಿ: ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಥೇಟ್ ನಮ್ಮ ಪಲ್ಯ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದರೆ ಮನೆಯವರ ಒಪ್ಪಿಗೆ ಕೇಳಿ ಮೇಜಿಗೆ ಇಡಿ. ಹಿಂಡಿಯನ್ನು ಮಾತ್ರ ಡಿಂಗಾಚ್ ಮುಗಿದ ಮೇಲೆ ಮುಟ್ಟಿ, ಖಾರ ಮತ್ತು ಹೆಚ್ಚಿನ ಆಲ್ಕೋಹಾಲ್ ಒಂದಕ್ಕೊಂದು ಉರಿ ಏರಿಸುತ್ತವೆ. ಕಾಣಿಕೆಗೆಂದು ಧಾರವಾಡ ಪೇಡೆ ಒಯ್ಯಬೇಡಿ. ಐರೋಪ್ಯ ಒಕ್ಕೂಟದೊಳಗೆ ಹೊರಗಿನವರು ಹಾಲಿನ ಪದಾರ್ಥ ತರುವುದಕ್ಕೆ ನಿರ್ಬಂಧವಿದೆ. ಗುಳೇದಗುಡ್ಡ ಖಣದ ಒಂದು ಚೀಲ ಕೊಟ್ಟರೆ ಹಗುರ, ಚೆಂದ.

ವೈನಿಗೂ ಇದೇ ಪ್ರಶ್ನೆಯಿದೆ. ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಜಿಲಾಟಿನ್ ಅಥವಾ ಮೀನಿನ ಅಂಟು ಬಳಸುತ್ತಾರೆ, ಕೆಲವರು ಬೆಂಟೊನೈಟ್ ಎಂಬ ಜೇಡಿಮಣ್ಣು. ಏನೂ ಹಾಕದೆ ತಾನೇ ತಿಳಿಯಾಗಲು ಬಿಡುವವರೂ ಇದ್ದಾರೆ. ಮಾಡಿದವರೇ ಎದುರಿಗಿರುವಾಗ ಕೇಳಿಬಿಡುವುದು ಸುಲಭ.

ಗಾಡಿ ಓಡಿಸುವವರು ಈ ಲೆಕ್ಕ ನೋಡಿ. ಒಂದು ಸುರಿ 50 ಮಿಲಿ ಎಂದರೂ ಐದಕ್ಕೆ 250 ಮಿಲಿ, 14.5 ಪ್ರತಿಶತದ ವೈನಿನಲ್ಲಿ ಅದು ಹೆಚ್ಚುಕಡಿಮೆ 29 ಗ್ರಾಂ ಶುದ್ಧ ಆಲ್ಕೋಹಾಲ್. 70 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು ಕಿಲೋ ರಕ್ತಕ್ಕೆ 0.5 ಗ್ರಾಂ ಎಂಬ ಮಿತಿಯನ್ನು ದಾಟಿಸಬಲ್ಲದು, 55 ಕಿಲೋದ ಹೆಂಗಸಿನಲ್ಲಿ ಖಂಡಿತ ದಾಟಿಸುತ್ತದೆ. ಕ್ರೊಯೇಷಿಯಾದ ಮಿತಿ 0.5, 25 ವರ್ಷದೊಳಗಿನ ಚಾಲಕರಿಗೆ ಸೊನ್ನೆ. ಮೇಜಿನ ಮೇಲಿನ ಉಗುಳುವ ಪಾತ್ರೆ ಅದಕ್ಕೆಂದೇ ಇಟ್ಟಿರುವುದು, ಬಳಸಲು ಸಂಕೋಚ ಬೇಡ. ಅದಕ್ಕಿಂತ ಒಳ್ಳೆಯದು ಮನೆಯಲ್ಲಿ ಕುಡಿಯದವರೊಬ್ಬರು ಸ್ಟೀರಿಂಗ್ ಹಿಡಿಯುವುದು. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಒಂದು ವರ್ಷದ್ದು, ಹೊರಡುವ ಮುನ್ನ ಮಾಡಿಸಿಕೊಳ್ಳಿ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ.

ದಾರಿಯಲ್ಲಿ ಒಂದು ಬಲೆಯಿದೆ. ಡುಬ್ರೊವ್ನಿಕ್‌ನಿಂದ ಬರುವವರಿಗೆ ತೊಂದರೆಯಿಲ್ಲ, ಸ್ಟೋನ್ ಊರಿನ ಮೇಲೆ ಒಂದೂವರೆ ಎರಡು ತಾಸಿನ ದಾರಿ. ಸ್ಪ್ಲಿಟ್‌ನಿಂದ ಬರುವವರು ಫೋನಿನ ನಕ್ಷೆಯನ್ನು ನಂಬಿ ನೆಯುಮ್ ಕಡೆ ಹೊರಳಬೇಡಿ. ಅದು ಬೊಸ್ನಿಯಾ. ಗಡಿ ದಾಟಿದರೆ ಒಂದೇ ವೀಸಾದ ಐರೋಪ್ಯ ದೇಶಗಳ ಕೂಟವಾದ ಶೆಂಗೆನ್‌ನಿಂದ ಹೊರಬಿದ್ದ ಲೆಕ್ಕ, ಒಂದೇ ಪ್ರವೇಶದ ವೀಸಾ ಇದ್ದವರಿಗೆ ಮರಳಿ ಒಳಬರುವ ಹಕ್ಕಿಲ್ಲ. 2022ರ ಜುಲೈ 26ರಂದು ತೆರೆದ 2.4 ಕಿಲೋಮೀಟರ್ ಉದ್ದದ ಪೆಲ್ಯೆಶಾಟ್ಸ್ ಸೇತುವೆ ಇರುವುದೇ ಈ ಗಡಿ ತಪ್ಪಿಸಲು. ಸೇತುವೆಯನ್ನೇ ಹಿಡಿಯಿರಿ, ಇಲ್ಲವೇ ಪ್ಲೊಚೆಯಿಂದ ತೃಪಾನ್ಯ್‌ಗೆ ಕಾರು ಹತ್ತಿಸುವ ದೋಣಿ.

ಒಂದೇ ದಿನದಲ್ಲಿ ಮೂರು ವೈನರಿ ಸುತ್ತಿಸುವ ಪ್ಯಾಕೇಜ್ ನಮ್ಮ ಶಿಫಾರಸಿನಲ್ಲಿಲ್ಲ. ಮೂರನೆಯ ಮನೆಗೆ ಹೋಗುವಷ್ಟರಲ್ಲಿ ಒಗರು ಕೊಡುವ ಟ್ಯಾನಿನ್‌ನಿಂದ ನಾಲಗೆ ಜಡವಾಗಿರುತ್ತದೆ, ಎಲ್ಲವೂ ಒಂದೇ ರುಚಿ. ಬೆಳಿಗ್ಗೆ ಹತ್ತೂವರೆಗೆ ಡಿಂಗಾಚ್ ಇಳಿಜಾರು, ಹನ್ನೆರಡಕ್ಕೆ ಒಂದು ಮನೆ, ಮಧ್ಯಾಹ್ನ ಸ್ಟೋನ್‌ನ ಉಪ್ಪಿನ ಗದ್ದೆ ಮತ್ತು ಕೋಟೆಗೋಡೆ, ಇಷ್ಟು ಸಾಕು. ಇನ್ನೊಂದು ದಿನವಿದ್ದರೆ ಒರೆಬಿಚ್‌ನಿಂದ ದೋಣಿಯಲ್ಲಿ ಇಪ್ಪತ್ತು ನಿಮಿಷ ದಾಟಿ ಕೊರ್ಚುಲಾ ದ್ವೀಪದ ಲುಂಬಾರ್ಡಾಕ್ಕೆ ಹೋಗಿ ಗೃಕ್ ಕುಡಿಯಿರಿ. ಈ ಬಿಳಿ ತಳಿಯಲ್ಲಿ ಹೆಣ್ಣು ಹೂವಷ್ಟೇ ಕೆಲಸ ಮಾಡುತ್ತದೆ, ಪರಾಗಕ್ಕಾಗಿ ಪಕ್ಕದಲ್ಲಿ ಪ್ಲಾವಾಟ್ಸ್ ನೆಡಬೇಕು. ಅದನ್ನು ಸಾಲಿನಲ್ಲಿ ತೋರಿಸಿ ಎಂದರೆ ಬೆಳೆದವರು ಸಂತೋಷದಿಂದ ಕರೆದೊಯ್ಯುತ್ತಾರೆ. ಹೆಸರಾಂತ ಮನೆ ಬೇಕೆನ್ನುವವರಿಗೆ ಪೆಲ್ಯೆಶಾಟ್ಸ್‌ನಲ್ಲೇ ಇರುವ ತೃಸ್ಟೆನಿಕ್‌ನಲ್ಲಿ ಗೃಗಿಚ್ ವೈನರಿ ಇದೆ. 1976ರ ಪ್ಯಾರಿಸ್ ಸ್ಪರ್ಧೆಯಲ್ಲಿ ಫ್ರಾನ್ಸಿನ ವೈನ್‌ಗಳನ್ನು ಹಿಂದಿಕ್ಕಿದ ಕ್ಯಾಲಿಫೋರ್ನಿಯಾದ ಶಾರ್ಡೊನೆ ಎಂಬ ಬಿಳಿ ವೈನ್ ಮಾಡಿದ ಮೈಕ್ ಗೃಗಿಚ್, ತಾಯ್ನಾಡಿಗೆ ಮರಳಿ 1996ರಲ್ಲಿ ಕಟ್ಟಿದ್ದು.

ಕೊಳ್ಳುವಾಗ ಕಸ್ಟಮ್ಸ್ ಲೆಕ್ಕ ಮರೆಯಬೇಡಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್. 750 ಮಿಲಿಯ ಎರಡು ಬಾಟಲಿ, 500 ಮಿಲಿಯ ಒಂದು ಪ್ರೊಶೆಕ್, ಸರಿಯಾಗಿ 2 ಲೀಟರ್. ಡಿಂಗಾಚ್‌ನ ದಪ್ಪ ಗಾಜಿನ ಬಾಟಲಿ ಒಂದೊಂದೂ ಒಂದೂಕಾಲು ಕಿಲೋ ಮೀರುತ್ತದೆ. ಮುಂಬೈನಿಂದ ಹುಬ್ಬಳ್ಳಿಗೆ ಬೇರೆ ಟಿಕೆಟ್ ಮಾಡಿಸಿದ್ದರೆ ಒಳನಾಡಿನ ತೂಕದ ಮಿತಿ ಅನ್ವಯಿಸುತ್ತದೆ, ಮೊದಲೇ ನೋಡಿಕೊಳ್ಳಿ. ಬಾಟಲಿಗೆ ಕಾಲುಚೀಲ ಹಾಕಿ, ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದು, ಪೆಟ್ಟಿಗೆಯ ನಟ್ಟನಡುವೆ ಬಟ್ಟೆಯ ಮಧ್ಯೆ ಇಡಿ. ಚಕ್ರದ ಬದಿಗೆ ಇಟ್ಟದ್ದು ಒಡೆಯುತ್ತದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಾಟಲಿ ಬಿಟ್ಟು ಸಮುದ್ರಕ್ಕೆ ಇಳಿದರೆ ಎರಡು ತಾಸಿನಲ್ಲಿ ಕಾರ್ಕ್ ಮೇಲೆದ್ದು ವೈನ್ ಸೋರಬಹುದು, ಅದು ಮತ್ತೆ ಸರಿಯಾಗುವುದಿಲ್ಲ.

ಮನೆಗೆ ತಂದ ಮೇಲೆ ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಶೋಕೇಸಿನಲ್ಲಿ ಇಡಬೇಡಿ. ಹಳೆಯ ಮನೆಯಾಗಿದ್ದು ಬಿಸಿಲು ಕಾಣದ ಒಳಕೋಣೆಯಿದ್ದರೆ ಅಲ್ಲಿ, ಇಲ್ಲದಿದ್ದರೆ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಅಡ್ಡ ಮಲಗಿಸಿ. ಕುಡಿಯುವ ಅರ್ಧ ತಾಸು ಮೊದಲು ಹೊರಗೆ ತೆಗೆಯಿರಿ. ತೆರೆದ ಡಿಂಗಾಚ್ ಫ್ರಿಜ್ಜಿನಲ್ಲಿ ಎರಡು-ಮೂರು ದಿನ ತಡೆಯುತ್ತದೆ. ಪ್ರೊಶೆಕ್ ಎರಡು ವಾರ ತಡೆಯುತ್ತದೆ. ಒಯ್ಯಲಾಗದ ಪೇಡೆಯನ್ನು ಅದರ ಜೊತೆ ಇಲ್ಲಿಯೇ ತಿನ್ನಿ. ಕೆಂಪಗೆ ಹುರಿದ ಖೋವಾಕ್ಕೆ ಒಣದ್ರಾಕ್ಷಿಯ ಆ ಸಿಹಿ ಹೊಂದುತ್ತದೆ.